ಕಾಲು ತೊಳೆದ ಮೇಲೆ

ಪವಿತ್ರ ಗುರುವಾರದ ಸಂಜೆ ನಮ್ಮ ಕ್ರೈಸ್ತ ಸಭೆಯಲ್ಲಿ ಕಾಲು ತೊಳೆಯುವ ಆರಾಧನೆ ಇರುತ್ತದೆ. ಹನ್ನೆರಡು ಜನರನ್ನು ಆರಿಸಿ ಮುಂದಿನ ಬೆಂಚುಗಳಲ್ಲಿ ಕೂಡಿಸುತ್ತಾರೆ. ಪಾಸ್ಟರ್ರು ಮತ್ತು ಸಭೆಯ ಇಬ್ಬರು ಹಿರಿಯರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಮೊಣಕಾಲೂರಿ, ಒಬ್ಬೊಬ್ಬರ ಪಾದವನ್ನೂ ಪರಾತದಲ್ಲಿಟ್ಟು ತೊಳೆದು ಒರೆಸುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ಪ್ರಸಂಗವಿರುವ ಯೋಹಾನನ ಸುವಾರ್ತೆಯ ಹದಿಮೂರನೇ ಅಧ್ಯಾಯ ಓದುತ್ತಾರೆ. ಕೆಲವು ವರ್ಷದ ಹಿಂದೆ ತಂಬಿಗೆಯಿಂದ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆರಾಧನೆಗೆ ಇನ್ನೂ ಅರ್ಧ ಗಂಟೆ ಇರುವಾಗ ಬಕೆಟ್ ತುಂಬಿಸಲು ಹಿತ್ತಲಿನ ನಳದ ಹತ್ತಿರ ಹೋದೆ. ಅಲ್ಲಿ ಕೊನೆ ಓಣಿಯ ಅಜ್ಜಿಯೊಬ್ಬಳು ಕುಕ್ಕರಗಾಲಲ್ಲಿ ಕೂತು, ಒಂದು ಒರಟು ಕಲ್ಲಿನಿಂದ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಳು. ಆ ವರ್ಷದ ಹನ್ನೆರಡು ಜನರಲ್ಲಿ ಆಕೆಯೂ ಒಬ್ಬಳು.

"ಏನಬೇ, ಇನ್ನೊಂದು ಗಳಿಗಿಗೆ ಒಳಗ ತೊಳಿತಾರಲ್ಲ?" ಎಂದೆ.

"ತೊಳಿತಾರಪಾ, ಅದಕ್ಕ ತೊಳಕೊಂಡು ಹೊಂಟೀನಿ. ದೊಡ್ಡವರ ಕೈಗೆ ನನ್ನ ಕಾಲಿನ ಹೊಲಸು ಹತ್ತಬಾರದಲ್ಲ."

ಆಮೇಲೆ ನಾನೇ ಆ ಪಾದಗಳ ಮೇಲೆ ನೀರು ಹಾಕಿದೆ. ಎರೆಮಣ್ಣಿನ ಕಪ್ಪು ಹಿಮ್ಮಡಿಯ ಬಿರುಕುಗಳಲ್ಲಿ ಗೆರೆ ಹೊಡೆದಂತೆ ಕೂತಿತ್ತು, ಕಲ್ಲಿಗೂ ಬಿಟ್ಟಿರಲಿಲ್ಲ. ಬೆರಳ ಸಂದುಗಳಲ್ಲಿ ನಾಟಿ ಕಾಲದ ಕೆಸರುಹುಣ್ಣು ಮಾಯ್ದು ಬಿಳಿ ಕಲೆಯಾಗಿತ್ತು. ತೊಳೆಯುತ್ತಿದ್ದ ಹಿರಿಯರು ಊರಿನಲ್ಲಿ ಇಪ್ಪತ್ತು ಎಕರೆಯ ಮೇಲೆ ಹೊಲ ಇರುವವರು. ಅವರ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣಾಳುಗಳಲ್ಲಿ ಈ ಅಜ್ಜಿಯೂ ಇದ್ದಳು. ಅವರ ಕೈ ನಿಜವಾಗಿಯೂ ಮೆತ್ತಗಿತ್ತು, ಕಣ್ಣಲ್ಲಿ ನೀರಿತ್ತು. ಅದು ತೋರಿಕೆಯಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಆದರೆ ಪುನರುತ್ಥಾನದ ಹಬ್ಬ (ಈಸ್ಟರ್) ಮುಗಿದ ಸೋಮವಾರ ಅದೇ ಅಜ್ಜಿ ಅದೇ ಹಿರಿಯರ ಅಂಗಳದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಹದಿನೈದು ದಿನದ ಕೂಲಿಗೆ ನಿಂತಿದ್ದನ್ನು ನೋಡಿದೆ. "ನಾಳೆ ಬಾ" ಎಂದರಂತೆ. ಬೈಯಲಿಲ್ಲ, ಗದರಲಿಲ್ಲ. ನಾಳೆ ಬಾ ಎನ್ನುವುದು ಅವರ ಕೈಯಲ್ಲಿತ್ತು, ನಾಳೆ ಬರುವುದು ಇವಳ ಹಣೆಯಲ್ಲಿತ್ತು, ಅಷ್ಟೇ.

ಗುರುವಾರದ ನೀರಿಗೂ ಸೋಮವಾರದ ಕೂಲಿಗೂ ನಡುವೆ ಏನು ತಪ್ಪಿಹೋಗಿದೆ ಎಂಬುದು ಆವತ್ತಿನಿಂದ ನನ್ನನ್ನು ಕಾಡುತ್ತಿದೆ. ಆ ಹಿರಿಯರು ಕಪಟಿಗಳು ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರು ಕಪಟಿಗಳಲ್ಲ. ತಮ್ಮ ಪಾಲಿನ ದೀನತೆಯನ್ನು ಪೂರ್ತಿ ಮನಸ್ಸಿನಿಂದ ನಡೆಸಿದವರು. ದೀನತೆ ಇದ್ದೂ ನ್ಯಾಯ ಬರಲಿಲ್ಲ ಎಂಬುದೇ ನನಗೆ ನುಂಗಲಾಗದ ಸಂಗತಿ.

ಅಪ್ಪನ ಕೈಯಲ್ಲಿದ್ದ ಹ್ಯಾಂಡಲ್

ಅಧಿಕಾರ ಅಂದಾಗಲೆಲ್ಲ ನನಗೆ ನೆನಪಾಗುವುದು ಕಾಲುವೆ. ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುತ್ತದೆ. ಯೋಜನೆ ಹಾಕುವಾಗ ಬಹುಪಾಲು ಜಮೀನಿಗೆ ಕಡಿಮೆ ನೀರು ಕುಡಿಯುವ ಬೆಳೆ ಎಂದು ಲೆಕ್ಕ ಹಾಕಿದ್ದರು. ಆದರೆ ನೀರು ಮೊದಲು ಕಂಡವರು ಭತ್ತಕ್ಕೆ ಇಳಿದರು, ಕಾಲುವೆಯ ದಂಡೆ ಒಡೆದು ಪೈಪು ಹಾಕಿದವರೂ ಉಂಟು. ಜಲಾಶಯಕ್ಕೆ ಹೂಳು ತುಂಬಿತು: 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಹೂಳಿನಿಂದ ಕಡಿಮೆಯಾದದ್ದು ಎಲ್ಲರಿಗೂ ಸಮನಾಗಿ ಕಡಿಮೆಯಾಗಬೇಕಿತ್ತಲ್ಲ? ಆಗಲಿಲ್ಲ. ಇಡೀ ಕೊರತೆ ಕಾಲುವೆಯ ಬಾಲಕ್ಕೆ ಬಂತು. ಕೊನೆಭಾಗದ ರೈತ ಎಂಬ ಹೆಸರೇ ನಮ್ಮ ಜಿಲ್ಲೆಯಲ್ಲಿ ಒಂದು ಜಾತಿಯ ಹಾಗೆ ಆಗಿಹೋಗಿದೆ.

ಅಪ್ಪ ಒಂದು ಉಪಕಾಲುವೆಯ ಮೇಲೆ ದಿನಗೂಲಿ ಗ್ಯಾಂಗ್‌ಮನ್ ಆಗಿದ್ದ. ಅಡ್ಡಗೇಟು ಏರಿಸಿ ಇಳಿಸುವ ಕಬ್ಬಿಣದ ಹ್ಯಾಂಡಲ್ ಅವನ ಹತ್ತಿರ ಇರುತ್ತಿತ್ತು. ಮನೆಗೆ ತಂದು ಬಾಗಿಲ ಹಿಂದೆ, ಬೈಬಲ್ ಇಡುವ ಗೂಡಿನ ಕೆಳಗೆ ಒರಗಿಸಿಡುತ್ತಿದ್ದ. ನಮ್ಮದೂ ಮೂರು ಎಕರೆ ಇತ್ತು, ಆ ಗೇಟಿನ ಕೆಳಗಡೆಯೇ. ನಾನಾಗ ಐದನೇ ಇಯತ್ತೆ. ಒಂದು ರಾತ್ರಿ ಅಪ್ಪನ ಸಂಗಡ ಬುತ್ತಿ ಹಿಡಿದುಕೊಂಡು ಹೋಗಿದ್ದೆ. ಜೀಪೊಂದು ದಂಡೆಯ ಮೇಲೆ ಬಂದು ನಿಂತಿತು, ದೀಪ ಆರಿಸಲಿಲ್ಲ. ಇಳಿದವರು ಮೇಲ್ಭಾಗದ ದೊಡ್ಡ ರೈತರು. ಅಪ್ಪನ ಹೆಸರು ಹಿಡಿದು ಕರೆದು, "ಎರಡು ದಿನ ಗೇಟ್ ಇಳಿಸಿ ಇಡು. ನಮ್ಮ ಭತ್ತ ತೆನಿ ಒಡೆಯೋ ಹೊತ್ತದ" ಎಂದರು. ಅಷ್ಟೇ ಮಾತು. ಹೆದರಿಸಲಿಲ್ಲ, ದುಡ್ಡೂ ತೋರಿಸಲಿಲ್ಲ. ಅಪ್ಪ ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದ. ಸುತ್ತುಗಳನ್ನು ಬಾಯಲ್ಲಿ ಎಣಿಸುವುದು ಅವನ ರೂಢಿ. ಒಂದು, ಎರಡು, ಮೂರು. ಹನ್ನೊಂದಕ್ಕೆ ನಿಲ್ಲಿಸಿದ. ಜೀಪಿನ ಬೆಳಕಿನಲ್ಲಿ ಮೇಲಿನ ನೀರು ಮೆಲ್ಲಗೆ ದಂಡೆಯ ಹುಲ್ಲು ಮುಟ್ಟುವುದು ಕಾಣಿಸಿತು. ಕೆಳಗೆ, ನಮ್ಮ ಕಡೆ, ಸದ್ದು ನಿಂತಿತು. ಹರಿಯುವ ನೀರು ನಿಂತಾಗ ರಾತ್ರಿ ಎಷ್ಟು ಮೌನವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಬರುವ ದಾರಿಯಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಆ ಭಾನುವಾರ ಸಭೆಯಲ್ಲಿ ವಾಕ್ಯ ಓದುವ ಸರದಿ ಅವನದೇ ಇತ್ತು, ಓದಿದ. ಎಷ್ಟೋ ವರ್ಷದ ಮೇಲೆ, ನಾನು ಕಾಲೇಜು ಮುಗಿಸಿ ಬಂದು ಒಂದು ಸಲ ಸಿಟ್ಟಿನಿಂದ ಆ ರಾತ್ರಿಯ ಮಾತು ತೆಗೆದಾಗ ಹೇಳಿದ: "ಹ್ಯಾಂಡಲ್ ನನ್ನ ಕೈಯಾಗಿತ್ತು. ನೀರು ನನ್ನ ಕೈಯಾಗ ಇರಲಿಲ್ಲ." ಇದಕ್ಕಿಂತ ಖಚಿತವಾಗಿ ಅಧಿಕಾರದ ಬಗ್ಗೆ ಯಾರೂ ನನಗೆ ಹೇಳಿಲ್ಲ. ದಿನಗೂಲಿಯವನ ಕೈಗೆ ಹ್ಯಾಂಡಲ್ ಕೊಟ್ಟಿದ್ದರು. ಆದರೆ ಇಲ್ಲ ಎನ್ನುವ ಬಲವನ್ನು ಕೊಟ್ಟಿರಲಿಲ್ಲ. ಅವನ ಹೊಲವೇ ಒಣಗುತ್ತಿದ್ದರೂ, ಮರುದಿನದ ಕೆಲಸ ಮೇಲಿನವರ ಒಂದು ಮಾತಿನಲ್ಲಿತ್ತು. ಅಪ್ಪನನ್ನು ಕ್ಷಮಿಸಲು ನನಗೆ ಬಹಳ ಕಾಲ ಹಿಡಿಯಿತು. ಕ್ಷಮಿಸಬೇಕಾದದ್ದು ಅವನಲ್ಲೇನೂ ಇರಲಿಲ್ಲ ಎಂದು ತಿಳಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ, ಗೇಟು ಕೊಚ್ಚಿಹೋಗಿ, ನೀರು ನದಿಗೆ ಹರಿದದ್ದು ನೆನಪಿದೆಯಲ್ಲ. ತಾತ್ಕಾಲಿಕ ಗೇಟು ಕೂಡಿಸುವವರೆಗಿನ ಆ ಒಂದು ವಾರ ಮೇಲ್ಭಾಗ, ಕೊನೆಭಾಗ ಎಂಬ ಭೇದ ಇರಲಿಲ್ಲ. ಮೇಲ್ಭಾಗದ ಗಂಗಾವತಿಯವರೂ ಕೊನೆಭಾಗದವರ ಹಾಗೆ ಆಕಾಶ ನೋಡಿದರು. ಎಲ್ಲರ ಬಾಯಲ್ಲೂ "ನಮ್ಮ ನೀರು" ಎಂಬ ಮಾತಿತ್ತು. ಗೇಟು ಕೂತಿತು, ನೀರು ನಿಂತಿತು, ಆ "ನಮ್ಮ" ಮತ್ತೆ ಮೈಲಿಕಲ್ಲಿನ ಲೆಕ್ಕಕ್ಕೆ ಹೋಯಿತು.

ಬಾಗಿಲು ಕಾಯುತ್ತಿದ್ದ ಹುಡುಗ

ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ದುಡಿಯುವವರಿಗೆ ನ್ಯಾಯ ಕೇಳುವ ವಿಚಾರಕ್ಕೆ ಕ್ರೈಸ್ತ ಸಮಾಜವಾದ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ತಡವಾಗಿ. ನಮ್ಮ ಕಡೆ ಇಂಥ ಮಾತು ಎತ್ತಿದರೆ "ಇದು ಕೆಂಪು ಬಾವುಟದವರ ಮಾತು, ಸಭೆಯೊಳಗೆ ಬೇಡ" ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ 1848ರಲ್ಲಿ ಈ ವಿಚಾರ ಹಿಡಿದು ಹೊರಟವರಲ್ಲಿ ಎಫ್.ಡಿ. ಮಾರಿಸ್, ಚಾರ್ಲ್ಸ್ ಕಿಂಗ್ಸ್‌ಲಿ ಇಬ್ಬರೂ ಚರ್ಚಿನ ಪಾದ್ರಿಗಳು, ಜೆ.ಎಂ. ಲಡ್ಲೊ ವಕೀಲ. ಧಣಿಗಳ ಕೈಯಲ್ಲಿ ನಲುಗಿದ್ದ ಲಂಡನ್ನಿನ ದರ್ಜಿಗಳನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿಸಿದರು. ಆದರೆ ನನ್ನ ಎದೆಗೆ ನಾಟಿದವನು ಆಮೇಲೆ ಬಂದ ಕೀರ್ ಹಾರ್ಡಿ. ಸ್ಕಾಟ್ಲೆಂಡಿನ ಬಡವರ ಮನೆಯವನು, ಹತ್ತನೇ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದವನು. ಅಲ್ಲಿ ಅವನಿಗೆ ಕೊಟ್ಟ ಕೆಲಸ, ಗಣಿಯೊಳಗೆ ಗಾಳಿ ಆಡಿಸುವ ಬಾಗಿಲು ತೆರೆದು ಮುಚ್ಚುವುದು. ಇದನ್ನು ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕತ್ತಲಲ್ಲಿ ಕೂತು ಒಂದು ಬಾಗಿಲು ಎಳೆಯುವ ಹುಡುಗ. ಒಳಗಿರುವವರ ಉಸಿರೆಲ್ಲ ಅವನ ಕೈಯಲ್ಲಿ, ಅವನ ಹೊಟ್ಟೆ ಮಾತ್ರ ಬೇರೆಯವರ ಕೈಯಲ್ಲಿ. ನನಗೆ ಅಪ್ಪ ಕಂಡ.

ಗಣಿಗೆ ಹೋಗುವ ಮೊದಲಿನದೊಂದು ಪ್ರಸಂಗವನ್ನು ಹಾರ್ಡಿ ಮುಂದೆ ಹೇಳಿಕೊಂಡಿದ್ದಾನೆ. ಒಬ್ಬ ಬೇಕರಿ ಧಣಿಯ ಹತ್ತಿರ ಕೆಲಸಕ್ಕಿದ್ದ. ಅಪ್ಪನಿಗೆ ಕೆಲಸವಿಲ್ಲ, ಮನೆಯಲ್ಲಿ ತಮ್ಮನಿಗೆ ಕಾಯಿಲೆ, ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ತಡವಾಗಿ ಹೋದ. ಧಣಿ ಕರೆಸಿದ. ಹುಡುಗ ಬಾಗಿಲ ಹೊರಗೆ ಕಾಯಬೇಕಾಯಿತು, ಯಾಕೆಂದರೆ ಒಳಗೆ ಮನೆಯವರ ಪ್ರಾರ್ಥನೆ ನಡೆದಿತ್ತು. ಆಮೆನ್ ಆದ ಮೇಲೆ ಒಳಗೆ ಕರೆದು, ತುಂಬಿದ ಊಟದ ಮೇಜಿನ ಮುಂದೆ ನಿಲ್ಲಿಸಿ, ಕೆಲಸದಿಂದ ತೆಗೆದು, ವಾರದ ಕೂಲಿಯನ್ನೂ ದಂಡವಾಗಿ ಹಿಡಿದುಕೊಂಡ. ಇದನ್ನು ಅನುಭವಿಸಿದ ಹುಡುಗ ದೇವರನ್ನೇ ಬಿಟ್ಟಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಅವನು ಬೆಳೆದು ಕ್ರಿಸ್ತನನ್ನು ನಂಬಿದ, ಬೋಧನೆ ಮಾಡಿದ, 1892ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದ, ಕಾರ್ಮಿಕರ ಪಕ್ಷ ಕಟ್ಟಿದವರಲ್ಲಿ ಮುಂದಿನವನಾದ. ಧಣಿಯ ಪ್ರಾರ್ಥನೆ ಸುಳ್ಳೆಂದು ಅವನು ಪ್ರಾರ್ಥನೆಯನ್ನೇ ಬಿಡಲಿಲ್ಲ. ಪ್ರಾರ್ಥನೆಯ ಹೊಣೆಯನ್ನು ಮೇಜಿನವರೆಗೆ, ಕೂಲಿಯವರೆಗೆ, ಕಾನೂನಿನವರೆಗೆ ಎಳೆದ.

ಇದೇ ದಾರಿಯ ಇನ್ನೊಬ್ಬ ಆರ್.ಎಚ್. ಟಾನಿ, ಇತಿಹಾಸಕಾರ. ದೊಡ್ಡ ಮೀನಿಗೆ ಸ್ವಾತಂತ್ರ್ಯವೆಂದರೆ ಸಣ್ಣ ಮೀನಿಗೆ ಸಾವು ಎಂಬ ಅರ್ಥದ ಮಾತನ್ನು 1931ರಲ್ಲಿ ಬರೆದ. ಕಾಲುವೆಯ ಮೇಲ್ಭಾಗದಲ್ಲಿ "ನನ್ನ ಹೊಲ, ನನ್ನಿಷ್ಟದ ಬೆಳೆ" ಎಂದಾಗ ನನಗೆ ಈ ಮೀನುಗಳು ಕಾಣುತ್ತವೆ. ಮತ್ತೊಬ್ಬರು ಬ್ರಿಟನ್ನಿನ ರಾಜಕಾರಣಿ ಟೋನಿ ಬೆನ್. ಅಪ್ಪನಿಂದ ಬಂದ ಪ್ರಭು ಪದವಿಯನ್ನು 1963ರಲ್ಲಿ ಕಳಚಿಟ್ಟು ಜನ ಆರಿಸಿದ ಸಭೆಗೆ ಮರಳಿದವರು. ಬೈಬಲ್ ಎಂದರೆ ಅಧಿಕಾರ ಹಿಡಿದ ಅರಸರಿಗೂ ನ್ಯಾಯ ನುಡಿದ ಪ್ರವಾದಿಗಳಿಗೂ ನಡೆದ ಜಗಳ ಎಂದು ತಾಯಿ ಕಲಿಸಿದ್ದನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಅಧಿಕಾರ ಇರುವ ಯಾರನ್ನು ಕಂಡರೂ ಐದು ಪ್ರಶ್ನೆ ಕೇಳಿ ಎನ್ನುತ್ತಿದ್ದರು: ನಿನಗಿರುವ ಅಧಿಕಾರ ಏನು? ಅದು ಎಲ್ಲಿಂದ ಬಂತು? ಯಾರ ಹಿತಕ್ಕೆ ಬಳಸುತ್ತೀ? ಯಾರಿಗೆ ಉತ್ತರ ಕೊಡಬೇಕು? ನಿನ್ನನ್ನು ಇಳಿಸುವುದು ಹೇಗೆ? ಅಪ್ಪನಿಗೆ ಇವನ್ನು ಓದಿ ಹೇಳಿದೆ. ಮೊದಲ ಮೂರಕ್ಕೆ ತಲೆಯಾಡಿಸಿದ. ನಾಲ್ಕನೆಯದಕ್ಕೆ "ಇನ್ನೊಮ್ಮೆ ಓದು" ಎಂದ.

ಹಕ್ಕಲು

ನಾಯಕನೆಂದರೆ ಸೇವಕ ಎಂಬ ಮಾತು ನಮ್ಮ ಸಭೆಗಳಲ್ಲಿ ಸವೆದುಹೋಗಿದೆ. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಹೇಳುವುದು, ಲೋಕದ ಅಧಿಕಾರಿಗಳು ಜನರ ಮೇಲೆ ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂದು. ನಾವು "ಸೇವಕ" ಎಂಬ ಪದವನ್ನು ಹಿಡಿದುಕೊಂಡೆವು, "ಹಾಗಿರಬಾರದು" ಎಂಬುದನ್ನು ಬಿಟ್ಟೆವು. ಹಾಗಾಗಿ ಎಂಎಲ್‌ಎ ಕೂಡ ಬ್ಯಾನರಿನಲ್ಲಿ ಜನಸೇವಕ, ಸಭೆಯ ಖಜಾಂಚಿಯೂ ಸೇವಕ, ಮೇಸ್ತ್ರಿಯೂ ಸೇವಕ. ಸೇವೆ ಎಷ್ಟು, ಯಾವಾಗ, ಯಾರಿಗೆ ಎಂಬುದನ್ನು ಮಾತ್ರ ಸೇವಕನೇ ತೀರ್ಮಾನ ಮಾಡುತ್ತಾನೆ.

ಮೋಶೆಯ ಧರ್ಮಶಾಸ್ತ್ರ ಬೇರೆಯೇ ಒಂದು ಮಾತು ಹೇಳುತ್ತದೆ. ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯದಲ್ಲಿ, ಹೊಲದ ಮೂಲೆಮೂಲೆಯವರೆಗೂ ಕೊಯ್ಯಬೇಡ, ಹಕ್ಕಲಾಯಬೇಡ, ಅಂದರೆ ಕೊಯ್ಲಾದ ಮೇಲೆ ಉದುರಿ ಉಳಿದದ್ದನ್ನು ಆಯಬೇಡ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎಂದಿದೆ. ನಮ್ಮಲ್ಲಿ ಶೇಂಗಾ ಕಿತ್ತ ಮೇಲೆ, ಹತ್ತಿ ಬಿಡಿಸಿ ಮುಗಿದ ಮೇಲೆ ಹಕ್ಕಲಿಗೆ ಹೋಗುವುದು ಗೊತ್ತಿರುವ ಮಾತೇ. ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹೋದವಳು. ಈ ಕಟ್ಟಳೆಯಲ್ಲಿ ಹೊಲದವನು ಬಡವನನ್ನು ಆರಿಸುವುದಿಲ್ಲ. ಯಾರಿಗೆ ಕೊಡಲಿ ಎಂದು ಯೋಚಿಸುವ ಅಧಿಕಾರವೇ ಅವನಿಗಿಲ್ಲ, ಸುಮ್ಮನೆ ಬಿಟ್ಟು ಬರಬೇಕು. ಬಂದವಳು ಕೈಮುಗಿಯಬೇಕಿಲ್ಲ, ಆಯ್ದುಕೊಂಡು ಹೋದರಾಯಿತು. ಹಕ್ಕು, ಹಕ್ಕಲು ಎರಡರ ಮೂಲ ಬೇರೆ ಎಂದು ಗೊತ್ತು. ಆದರೂ ನನ್ನ ಕಿವಿಗೆ ಅವು ಒಂದೇ ಮನೆಯ ಮಾತುಗಳು.

ಇದೇ ಜಿಲ್ಲೆಯ ಅಮರೇಶ್ವರದವರು ಎನ್ನುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಯ ಕಥೆಯನ್ನು ನಾನು ಈ ಮಾತಿನ ಜೊತೆಗೇ ಇಟ್ಟು ನೋಡುತ್ತೇನೆ. ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದಾಗ, ಆಸೆ ಅರಸರಿಗೆ ಇರುವಂಥದು, ನಮಗೇಕೆ, ಒಯ್ದು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಅರಣ್ಯದಲ್ಲಿ ಇಸ್ರಾಯೇಲರು ದೇವರು ಕೊಟ್ಟ ಆಹಾರವಾದ ಮನ್ನವನ್ನು ಕೂಡಿಸಿಕೊಂಡಾಗಲೂ ಕಟ್ಟಳೆ ಅದೇ: ದಿನಕ್ಕೆ ಬೇಕಾದಷ್ಟೇ. ನಾಳೆಗೆಂದು ಮುಚ್ಚಿಟ್ಟದ್ದಕ್ಕೆ ಹುಳ ಬಿದ್ದಿತು. ಅಕ್ಕಿ ಆಯುವ ಹೆಂಗಸೊಬ್ಬಳು ಆಸೆಯ ಗುರುತನ್ನು ನೇರವಾಗಿ ಅರಸನಲ್ಲಿ ಹಿಡಿದಳಲ್ಲ, ಅದು ನನಗೆ ದೊಡ್ಡದು. ಪ್ರವಾದಿ ಸಮುವೇಲನು ತಮಗೂ ಅರಸ ಬೇಕೆಂದ ಜನರಿಗೆ ಹೇಳಿದ್ದೂ ಅದನ್ನೇ. ಅರಸ ನಿಮ್ಮ ಒಳ್ಳೊಳ್ಳೆ ಹೊಲ ತೆಗೆದುಕೊಂಡು ತನ್ನವರಿಗೆ ಕೊಡುತ್ತಾನೆ ಎಂದ. ಬಳ್ಳಾರಿಯಿಂದ ರಾಯಚೂರಿನವರೆಗೆ ಇದನ್ನು ವಿವರಿಸಿ ಹೇಳಬೇಕಾದ ಊರು ಯಾವುದಿದೆ?

ಆದರೆ ನನ್ನ ಗುರುವಾರ, ಸೋಮವಾರದ ತೊಡಕಿಗೆ ದಾರಿ ಸಿಕ್ಕಿದ್ದು ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ. ಯೆರೂಸಲೇಮಿನ ಮೊದಲ ಸಭೆ ಎಲ್ಲವನ್ನೂ ಹಂಚಿಕೊಂಡು ಬದುಕಿದ್ದರ ಬಗ್ಗೆ ಎಷ್ಟೋ ಬೋಧನೆ ಕೇಳಿದ್ದೇವೆ. ಆ ಸಭೆಯಲ್ಲೂ ಕೊನೆಭಾಗದವರಿದ್ದರು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು. ಹಂಚುತ್ತಿದ್ದವರು ಕಳ್ಳರಾಗಿರಬೇಕಿಲ್ಲ. ಭಾಷೆ ಬೇರೆ, ಓಣಿ ಬೇರೆ, ಕಣ್ಣಿಗೆ ಬೀಳುತ್ತಿರಲಿಲ್ಲ. ಗುಣುಗುಟ್ಟುವಿಕೆ ಎದ್ದಿತು. ಯೇಸುವಿನ ಶಿಷ್ಯರಾದ ಅಪೊಸ್ತಲರು ಆಗ ಏನು ಮಾಡಿದರು? ದೂರು ಕೊಟ್ಟವರನ್ನು ಗದರಿಸಲಿಲ್ಲ. ಇನ್ನು ಮುಂದೆ ಹೆಚ್ಚು ಪ್ರೀತಿಯಿಂದ ಬಡಿಸುತ್ತೇವೆ ಎಂದೂ ಹೇಳಲಿಲ್ಲ. ನೀವೇ ಏಳು ಜನರನ್ನು ಆರಿಸಿರಿ, ಈ ಕೆಲಸ ಅವರಿಗೆ ಒಪ್ಪಿಸುತ್ತೇವೆ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ಹೀಗೆ ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಪಾಲು ತಪ್ಪಿದ್ದವರ ಕಡೆಯವರ ಕೈಗೇ ಸೌಟು ಹೋಯಿತು ಎಂದು ನಾನು ಓದಿಕೊಳ್ಳುತ್ತೇನೆ. ಮೇಲ್ಭಾಗದ ಗೇಟಿಗೆ ಒಳ್ಳೆಯವನನ್ನು ನೇಮಿಸಿ ಕೈತೊಳೆದುಕೊಳ್ಳಲಿಲ್ಲ, ಹ್ಯಾಂಡಲನ್ನೇ ಕೊನೆಭಾಗಕ್ಕೆ ಕೊಟ್ಟರು, ನೀರಿನ ಸಮೇತ.

ಯೇಸು ಕಾಲು ತೊಳೆದದ್ದು ಇದರ ಮೊದಲ ಅರ್ಧ ಎಂದು ಈಗ ನನಗೆ ಅನ್ನಿಸುತ್ತದೆ. ಆ ರಾತ್ರಿ ಶಿಷ್ಯ ಪೇತ್ರನಿಗಾದ ಮುಜುಗರ ಸಣ್ಣದಲ್ಲ. ಗುರು ಮೇಲಿನಿಂದ ಕೆಳಗೆ ಇಳಿದಾಗ ಕೆಳಗಿನವರಿಗೆ ತಾವು ಕೂತ ಜಾಗವೇ ಅಲುಗಾಡಿದಂತಾಗುತ್ತದೆ. ನಮ್ಮ ಆರಾಧನೆಯಲ್ಲಿ ಯಾರ ಜಾಗವೂ ಅಲುಗಾಡುವುದಿಲ್ಲ. ಅಜ್ಜಿ ಹಿತ್ತಲಲ್ಲಿ ಕಾಲು ತಿಕ್ಕಿಕೊಂಡೇ ಬಂದಳಲ್ಲ, ಎಲ್ಲರೂ ಎಲ್ಲಿದ್ದರೋ ಅಲ್ಲೇ ಉಳಿಯುವಂತೆ ಅವಳೇ ನೋಡಿಕೊಂಡಳು.

ಲೆಕ್ಕದ ಪುಸ್ತಕ

ಹೋದ ವರ್ಷ ಸುಗ್ಗಿ ಹಬ್ಬದ ಕಾಣಿಕೆ ಹರಾಜು ಚೆನ್ನಾಗಿ ಆಯಿತು. ಕುಂಬಳಕಾಯಿ, ಕೋಳಿ, ಭತ್ತದ ಚೀಲ, ಒಬ್ಬರು ತಂದ ಟಗರು. ಉಳ್ಳವರು ಒಂದಕ್ಕೆ ಹತ್ತರಷ್ಟು ಕೂಗಿ ಕೊಂಡರು, ಸಂತೋಷದಿಂದ. ಈ ಹಣದಲ್ಲಿ ಒಂದು ಪಾಲು ಬಡವರ ನಿಧಿಗೆ ಹೋಗುತ್ತದೆ. ಅದನ್ನು ಯಾರಿಗೆ ಕೊಡಬೇಕೆಂದು ಕಮಿಟಿ ತೀರ್ಮಾನಿಸುತ್ತದೆ. ಕಮಿಟಿಯಲ್ಲಿ ನಾನೂ ಇದ್ದೇನೆ. ಕೂಲಿಯವರು ಒಬ್ಬರೂ ಇಲ್ಲ. ಆ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತು, ಈ ನಿಧಿಯನ್ನು ನೋಡಿಕೊಳ್ಳುವವರನ್ನು ಕೂಲಿಗೆ ಹೋಗುವ ಹೆಣ್ಣುಮಕ್ಕಳೇ ಆರಿಸಲಿ, ಲೆಕ್ಕವನ್ನು ಅವರೇ ಇಡಲಿ, ಕಮಿಟಿ ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದೆ. ಕೃತ್ಯಗಳ ಆರನೇ ಅಧ್ಯಾಯ ಓದಿದೆ. ಒಬ್ಬರು "ಅವರಿಗೆ ಓದು ಬರಹ ಬರೋದಿಲ್ಲ, ದುಡ್ಡಿನ ವ್ಯವಹಾರ" ಎಂದರು. ಇನ್ನೊಬ್ಬರು "ಅವರವರಲ್ಲೇ ಜಗಳ ಹತ್ತತಾವ" ಎಂದರು. ಕಾಲು ತೊಳೆದ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ವಿಚಾರ ಒಳ್ಳೇದದ. ಮುಂದಿನ ಮೀಟಿಂಗಿಗೆ ಇಡೋಣ" ಎಂದರು. ಇಟ್ಟರು. ಅದರ ಮುಂದಿನದಕ್ಕೂ ಇಟ್ಟರು.

ಅದು ಹೇಗೋ ಅಜ್ಜಿಯ ಕಿವಿಗೆ ಬಿದ್ದಿತ್ತು. ಒಂದು ಭಾನುವಾರ ಆರಾಧನೆ ಮುಗಿದು ಚಪ್ಪಲಿ ಮೆಟ್ಟುತ್ತಿದ್ದಾಗ ಹತ್ತಿರ ಬಂದಳು.

"ಆ ಲೆಕ್ಕದ ಪುಸ್ತಕ ಎಲ್ಲಿ ಇಡ್ತಾರಪಾ?"

"ಆಫೀಸಿನ ಬೀರುವಿನಾಗ ಐತಬೇ. ಯಾಕ?"

"ನೋಡಬಹುದಾ ಅದನ್ನ?"

ನೋಡಬಹುದು. ಸಭೆಯ ಯಾವ ಸದಸ್ಯರಾದರೂ ನೋಡಬಹುದು, ನಿಯಮವಿದೆ. ನನಗೆ ತಿಳಿದಂತೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಬೀಗದ ಕೈ ತಂದು ಪುಸ್ತಕ ತೆಗೆದುಕೊಟ್ಟೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೇವಿನಮರದ ಕಟ್ಟೆಯ ಮೇಲೆ ಕೂತಳು. ಒಂಬತ್ತನೇ ಕ್ಲಾಸಿನ ಮೊಮ್ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡಳು. ಮೆಣಸಿನಕಾಯಿ ಬಿಡಿಸಲು ಹೋಗುವ ಇನ್ನೂ ನಾಲ್ಕೈದು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸುತ್ತ ನಿಂತರು. ಹುಡುಗಿ ಬೆರಳಿಟ್ಟು ಓದತೊಡಗಿದಳು, ತಾರೀಖು, ಹೆಸರು, ರೂಪಾಯಿ. ಮೂರನೇ ಹೆಸರಿಗೆ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

"ತಡಿ. ಇದನ್ನ ಮತ್ತೊಮ್ಮೆ ಓದು."